ಸೆರೆಯ ಒಡನಾಟ, ಸಿಂಹಾಸನದ ಸ್ಮರಣೆ: ಬಾಬಿಲೋನಿನ ಎವೀಲ್ಮೆರೋದಕ ಮತ್ತು ಹಂಗಳದ ಸೆರೆವಾಸ

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಹಂಗಳವೆಂಬ ಗ್ರಾಮವಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಇಲ್ಲಿ ಹೆದ್ದಾರಿಯನ್ನು ಬಿಟ್ಟು ಬೆಟ್ಟದ ದಾರಿಯನ್ನು ಹಿಡಿಯುತ್ತಾರೆ. ಮೈಸೂರಿನ ಇತಿಹಾಸದಲ್ಲಿ ಈ ಊರಿಗೆ ಬೇರೊಂದು ಮಹತ್ತ್ವವಿದೆ. 1673ರಲ್ಲಿ ಪಟ್ಟವೇರಿದ ಚಿಕ್ಕದೇವರಾಜ ಒಡೆಯರು ಅದಕ್ಕೆ ಮುನ್ನ ತಮ್ಮ ಚಿಕ್ಕಪ್ಪನ ಆಳ್ವಿಕೆಯಲ್ಲಿ ಬಂಧಿತರಾಗಿ ಇದ್ದದ್ದು ಇಲ್ಲಿಯೇ. ಆ ಸೆರೆವಾಸದಲ್ಲಿ ಅವರಿಗೆ ಒಡನಾಡಿಯಾಗಿದ್ದವನು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. ಸಿಂಹಾಸನವೇರಿದ ಕೂಡಲೇ ಅರಸನು ಸೆರೆಯ ಗೆಳೆಯನನ್ನು ಮರೆಯದೆ ಮಂತ್ರಿಪದವಿಗೆ ಏರಿಸಿದನೆಂಬುದು ಸುಪ್ರಸಿದ್ಧ ವೃತ್ತಾಂತ.

ಈ ವೃತ್ತಾಂತವನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು ಎರಡು ಸಾವಿರ ವರ್ಷಗಳಿಗೂ ಹಿಂದಿನ, ಯೂಫ್ರಟಿಸ್ ನದಿಯ ದಡದ ಇನ್ನೊಂದು ಸೆರೆಮನೆ. ಅಲ್ಲಿಯೂ ಒಬ್ಬ ಅರಸನು ಪಟ್ಟವೇರಿದ ವರ್ಷದಲ್ಲಿಯೇ ಒಬ್ಬ ಸೆರೆಯಾಳನ್ನು ಬಿಡಿಸಿ ತನ್ನ ಪಂಕ್ತಿಯಲ್ಲಿ ಕೂರಿಸಿಕೊಂಡನು. ಆ ಅರಸನ ಹೆಸರು ಬೈಬಲ್ಲಿನಲ್ಲಿ ಎರಡೇ ಕಡೆ ಬರುತ್ತದೆ. ಆ ಎರಡು ಕಡೆಯೂ ಒಂದೇ ಪ್ರಸಂಗ. ಕನ್ನಡ ಬೈಬಲ್ಲು ಅವನನ್ನು ಎವೀಲ್ಮೆರೋದಕನೆಂದು ಕರೆಯುತ್ತದೆ. ಬಾಬಿಲೋನಿನ ಬರಹಗಳಲ್ಲಿ ಅವನು ಅಮೇಲ್-ಮರ್ದುಕ್, ಅಂದರೆ 'ಮರ್ದುಕ್ ದೇವನ ಮನುಷ್ಯ'. ಈ ಎರಡು ಸೆರೆಗಳನ್ನು ಜೊತೆಯಲ್ಲಿಟ್ಟು ನೋಡುವುದು ಕೇವಲ ಹೋಲಿಕೆಯ ಕುತೂಹಲಕ್ಕಾಗಿ ಅಲ್ಲ. ಇತಿಹಾಸದ ಅಂಚಿನಲ್ಲಿ ನಿಂತ ವ್ಯಕ್ತಿಗಳ ವಿಷಯದಲ್ಲಿ ನಾವು ಯಾವುದನ್ನು ನಂಬಬೇಕು, ಯಾವುದನ್ನು ಪರಂಪರೆಯೆಂದು ಗೌರವಿಸಿ ಬದಿಗಿಡಬೇಕು ಎಂಬ ಪ್ರಶ್ನೆ ಇಲ್ಲಿದೆ.

ಯೆಹೂದದ ಬಂಧಿತ ಅರಸ

ಕ್ರಿ.ಪೂ. 605ರಿಂದ 562ರವರೆಗೆ ಬಾಬಿಲೋನನ್ನು ಆಳಿದ ನೆಬೂಕದ್ನೆಚ್ಚರನು ಪಶ್ಚಿಮ ಏಷ್ಯದ ಬಹುಭಾಗವನ್ನು ತನ್ನ ಅಧೀನಕ್ಕೆ ತಂದ ಪ್ರಬಲ ಚಕ್ರವರ್ತಿ. ಅವನ ಏಳನೆಯ ಆಳ್ವಿಕೆಯ ವರ್ಷದಲ್ಲಿ ಸೇನೆಯು ಯೆಹೂದದ ರಾಜಧಾನಿ ಯೆರೂಸಲೇಮನ್ನು ಮುತ್ತಿತು. ಆಗ ಅಲ್ಲಿ ಅರಸನಾಗಿದ್ದವನು ಯೆಹೋಯಾಖೀನ. ಅರಸುಗಳ ಎರಡನೆಯ ಪುಸ್ತಕದ ಪ್ರಕಾರ ಪಟ್ಟವೇರಿದಾಗ ಅವನಿಗೆ ಹದಿನೆಂಟು ವರ್ಷ. ಆಳಿದ್ದು ಮೂರೇ ತಿಂಗಳು. ಅವನು ತನ್ನ ತಾಯಿ, ಪರಿವಾರ, ಅಧಿಕಾರಿಗಳೊಡನೆ ಶರಣಾಗತನಾದನು. ಕುಶಲಕರ್ಮಿಗಳೂ ಯೋಧರೂ ಸೇರಿದಂತೆ ಸಾವಿರಾರು ಜನರನ್ನು ಅವನೊಡನೆ ಬಾಬಿಲೋನಿಗೆ ಒಯ್ಯಲಾಯಿತು.

ಈ ಘಟನೆಗೆ ಬೈಬಲ್ಲಿನ ಹೊರಗೂ ಆಧಾರವಿದೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಬಾಬಿಲೋನಿನ ವೃತ್ತಾಂತ ಫಲಕವೊಂದನ್ನು ಡಿ. ಜೆ. ವೈಸ್‌ಮನ್ 1956ರಲ್ಲಿ ಪ್ರಕಟಿಸಿದರು. ಅರಸನು ಆ ವರ್ಷದ ಅದಾರ್ ಮಾಸದ ಎರಡನೆಯ ದಿನ ಯೆಹೂದದ ನಗರವನ್ನು ಹಿಡಿದನೆಂದೂ, ಅಲ್ಲಿನ ರಾಜನನ್ನು ಸೆರೆಹಿಡಿದು ತನಗೆ ಒಪ್ಪಿತನಾದ ಇನ್ನೊಬ್ಬನನ್ನು ನೇಮಿಸಿದನೆಂದೂ ಅದು ಹೇಳುತ್ತದೆ. ಕಾಲಗಣಕರು ಆ ದಿನವನ್ನು ಕ್ರಿ.ಪೂ. 597ರ ಮಾರ್ಚ್ 16 ಎಂದು ನಿಗದಿಪಡಿಸಿದ್ದಾರೆ. ಹಾಗೆ ನೇಮಕಗೊಂಡ ಚಿದ್ಕೀಯನು ದಂಗೆಯೆದ್ದದ್ದರ ಫಲವಾಗಿ ಹನ್ನೊಂದು ವರ್ಷಗಳ ಬಳಿಕ ನಗರವೂ ದೇವಾಲಯವೂ ನಾಶವಾದವು. ಯೆಹೋಯಾಖೀನನು ಮಾತ್ರ ದೂರದ ಬಾಬಿಲೋನಿನಲ್ಲಿ ಬದುಕಿ ಉಳಿದನು. ರಾಜ್ಯವಿಲ್ಲದ ಅರಸ, ಆದರೆ ಅರಸನೇ.

ಮೂವತ್ತೇಳು ವರ್ಷಗಳ ಅನಂತರ

ನೆಬೂಕದ್ನೆಚ್ಚರನು ಕ್ರಿ.ಪೂ. 562ರಲ್ಲಿ ಮರಣ ಹೊಂದಿದನು. ಮಗ ಎವೀಲ್ಮೆರೋದಕನು ಪಟ್ಟಕ್ಕೆ ಬಂದನು. ಅವನು ಆ ವರ್ಷವೇ ಯೆಹೋಯಾಖೀನನನ್ನು ಸೆರೆಯಿಂದ ಬಿಡಿಸಿದನು, ದಯೆಯಿಂದ ಮಾತನಾಡಿಸಿದನು, ಬಾಬಿಲೋನಿನಲ್ಲಿದ್ದ ಇತರ ಅರಸರ ಆಸನಗಳಿಗಿಂತ ಅವನ ಆಸನವನ್ನು ಮೇಲೆ ಇರಿಸಿದನು. ಯೆಹೋಯಾಖೀನನು ಸೆರೆಯ ಉಡುಪನ್ನು ಕಳಚಿ, ಜೀವಮಾನವಿಡೀ ಅರಸನ ಸನ್ನಿಧಿಯಲ್ಲಿ ಭೋಜನ ಮಾಡಿದನು. ಅವನಿಗೆ ದಿನದಿನದ ಪಡಿಯೂ ಗೊತ್ತಾಯಿತು. ಅರಸುಗಳ ಎರಡನೆಯ ಪುಸ್ತಕವು ಈ ವಿವರದೊಡನೆ ಮುಗಿಯುತ್ತದೆ. ಯೆರೆಮೀಯನ ಗ್ರಂಥದ ಕೊನೆಯಲ್ಲಿಯೂ ಇದೇ ಪ್ರಸಂಗವಿದೆ.

ಎರಡು ಪಾಠಗಳ ನಡುವೆ ಒಂದು ಸಣ್ಣ ವ್ಯತ್ಯಾಸವಿದೆ. ಬಿಡುಗಡೆಯು ಸೆರೆಯ ಮೂವತ್ತೇಳನೆಯ ವರ್ಷದ ಹನ್ನೆರಡನೆಯ ತಿಂಗಳಲ್ಲಿ ಆಯಿತೆಂಬುದರಲ್ಲಿ ಎರಡೂ ಒಮ್ಮತ. ಆದರೆ ಒಂದು ಪಾಠದಲ್ಲಿ ತಿಂಗಳ ಇಪ್ಪತ್ತೇಳನೆಯ ದಿನ, ಇನ್ನೊಂದರಲ್ಲಿ ಇಪ್ಪತ್ತೈದನೆಯ ದಿನ. ಹಸ್ತಪ್ರತಿಗಳೊಡನೆ ಒಡನಾಡಿದವರಿಗೆ ಇಂತಹ ಪಾಠಾಂತರ ಅಪರಿಚಿತವಲ್ಲ. ಇಲ್ಲಿ ಹೆಚ್ಚು ಗಮನಾರ್ಹವಾದದ್ದು ಆ ತಿಂಗಳು. ಬಾಬಿಲೋನಿನ ಹನ್ನೆರಡನೆಯ ಮಾಸವಾದ ಅದಾರ್ ಸರಿಸುಮಾರು ನಮ್ಮ ಫಾಲ್ಗುಣಕ್ಕೆ ಹೊಂದುತ್ತದೆ. ಅದು ಮುಗಿದೊಡನೆ ಬರುವುದು ನಿಸಾನ್ ಮಾಸ, ಅಂದರೆ ವಸಂತದ ವರ್ಷಾರಂಭ, ನಮ್ಮ ಯುಗಾದಿಯ ಕಾಲ. ಬಾಬಿಲೋನಿನ ಅರಸನ ಮೊದಲನೆಯ ಆಳ್ವಿಕೆಯ ವರ್ಷವನ್ನು ಆ ವರ್ಷಾರಂಭದಿಂದಲೇ ಎಣಿಸುತ್ತಿದ್ದರು. ಆದುದರಿಂದ ಈ ಬಿಡುಗಡೆಯು ಹೊಸ ಅರಸನ ಮೊದಲ ವರ್ಷದ ಹೊಸ್ತಿಲಲ್ಲಿ ನಡೆದ ಕ್ಷಮಾದಾನವೆಂದು ತಿಳಿಯುವುದು ಸಹಜವಾಗಿದೆ.

ಕಳೆದುಕೊಂಡವರಿಗೆ ಕಳೆದದ್ದನ್ನು ಮರಳಿ ಕೊಡುವುದು ಪ್ರಭುಗುಣವೆಂಬ ಭಾವನೆ ನಮ್ಮ ನಾಡಿನ ಶಾಸನಗಳಲ್ಲಿಯೂ ಉಂಟು. ಚಾಮರಾಜನಗರದ ಪಾರ್ಶ್ವನಾಥ ಬಸದಿಗೆ ಸಂಬಂಧಿಸಿದ 1117ರ ಶಾಸನವು ಇದಕ್ಕೆ ಉತ್ತಮ ನಿದರ್ಶನ. ಅರಕೊಠಾರದಲ್ಲಿ, ಅಂದರೆ ಇಂದಿನ ಚಾಮರಾಜನಗರದಲ್ಲಿ, ತ್ರಿಕೂಟ ಬಸದಿಯನ್ನು ಕಟ್ಟಿಸಿದ ಹೊಯ್ಸಳ ದಂಡನಾಯಕ ಪುಣಿಸಮಯ್ಯನನ್ನು ಅದು ಸ್ತುತಿಸುತ್ತದೆ. ಕೆಟ್ಟುಹೋದ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೆ, ಅಧಿಕಾರ ಕಳೆದುಕೊಂಡ ಕಿರಾತ ನಾಯಕನಿಗೆ ಅವರವರು ಕಳೆದುಕೊಂಡದ್ದನ್ನು ಅವನು ಮರಳಿ ಕೊಟ್ಟನೆಂಬುದು ಆ ಸ್ತುತಿಯ ತಿರುಳು.

ಎಣ್ಣೆಯ ಪಡಿಲೆಕ್ಕ

ಬೈಬಲ್ಲಿನ ಈ ಕಥನವನ್ನು ದೇಶಭ್ರಷ್ಟರ ಸಮಾಧಾನದ ಕಲ್ಪನೆಯೆಂದು ಸುಲಭವಾಗಿ ತಳ್ಳಿಹಾಕಬಹುದಿತ್ತು. ಅದನ್ನು ತಡೆದದ್ದು ಯಾವ ವಿಜಯಸ್ತಂಭವೂ ಅಲ್ಲ, ಒಂದು ಉಗ್ರಾಣದ ಲೆಕ್ಕ. ಜರ್ಮನಿಯ ಪುರಾತತ್ತ್ವಜ್ಞ ರಾಬರ್ಟ್ ಕೋಲ್ಡೆವೈ 1899ರಿಂದ 1917ರವರೆಗೆ ಬಾಬಿಲೋನಿನಲ್ಲಿ ಉತ್ಖನನ ನಡೆಸಿದರು. ಆಗ ದಕ್ಷಿಣ ಅರಮನೆಯ ಕಮಾನುಕೋಣೆಗಳಲ್ಲಿ ಜೇಡಿಮಣ್ಣಿನ ಫಲಕಗಳು ದೊರೆತವು. ಅವುಗಳಲ್ಲಿ ಕೆಲವನ್ನು ಎರ್ನ್ಸ್ಟ್ ವೈಡ್ನರ್ 1939ರಲ್ಲಿ ಪ್ರಕಟಿಸಿದರು. ಅವು ನೆಬೂಕದ್ನೆಚ್ಚರನ ಕಾಲದಲ್ಲಿ ಅರಮನೆಯಿಂದ ಎಳ್ಳೆಣ್ಣೆ ಮೊದಲಾದವನ್ನು ಪಡೆಯುತ್ತಿದ್ದವರ ಪಟ್ಟಿಗಳು. ಫಿಲಿಷ್ಟಿಯರ ಅಷ್ಕೆಲೋನಿನ ರಾಜಪುತ್ರರು, ತೂರ್ ಪಟ್ಟಣದವರು, ಐಗುಪ್ತದವರು, ಅಯೋನಿಯದ ಬಡಗಿಗಳು ಹೀಗೆ ಹಲವು ದೇಶದವರು ಅಲ್ಲಿದ್ದಾರೆ. ಅವರ ನಡುವೆ ಯೆಹೂದ ದೇಶದ ರಾಜನೆಂಬ ಬಿರುದಿನೊಡನೆ 'ಯಾಊಕೀನು' ಎಂಬ ಹೆಸರಿದೆ. ಅವನೇ ಯೆಹೋಯಾಖೀನ. ಈ ಫಲಕಗಳಲ್ಲೊಂದು ಕ್ರಿ.ಪೂ. 592ರದು.

ಪಟ್ಟಿಯ ಪ್ರಕಾರ ಅವನ ಐವರು ಮಕ್ಕಳಿಗೆ ಒಟ್ಟು ಎರಡೂವರೆ 'ಸಿಲಾ' ಎಣ್ಣೆ, ಅಂದರೆ ತಲೆಗೆ ಅರ್ಧ ಸಿಲಾ. ಒಂದು ಸಿಲಾ ಎಂದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ಅಳತೆ. ರಾಜನ ಪಾಲು ಮಕ್ಕಳ ಪಾಲಿಗಿಂತ ಬಹಳ ಹೆಚ್ಚು. ನಮ್ಮ ದೇವಾಲಯಗಳ ಪಡಿತರದ ಕಡತಗಳನ್ನು ನೋಡಿದವರಿಗೆ ಈ ಬರಹದ ಸ್ವರೂಪ ಕೂಡಲೇ ಅರ್ಥವಾಗುತ್ತದೆ: ಇಂಥವರಿಗೆ ಇಷ್ಟು, ಇಂಥವರ ಕೈಯಲ್ಲಿ ಇಷ್ಟು. ಲೆಕ್ಕ ಬರೆದ ಶಾನುಭೋಗನಿಗೆ ಸ್ತುತಿಯೂ ಬೇಡ, ನಿಂದೆಯೂ ಬೇಡ. ಉಗ್ರಾಣದ ಎಣ್ಣೆ ಸರಿಹೋದರೆ ಸಾಕು. ಅವನ ಸಾಕ್ಷ್ಯದ ಬಲವಿರುವುದು ಆ ನಿರ್ಲಿಪ್ತತೆಯಲ್ಲಿಯೇ.

ಇಲ್ಲಿ ಸಂಶೋಧಕನು ಒಂದು ಎಚ್ಚರವನ್ನು ವಹಿಸಬೇಕು. ಈ ಫಲಕಗಳು ಎವೀಲ್ಮೆರೋದಕನ ಕ್ಷಮಾದಾನವನ್ನು ಸಮರ್ಥಿಸುತ್ತವೆಂದು ಅನೇಕರು ಬರೆಯುತ್ತಾರೆ. ವಾಸ್ತವದಲ್ಲಿ ಅವು ಕ್ಷಮಾದಾನಕ್ಕೆ ಮೂವತ್ತು ವರ್ಷ ಮುಂಚಿನವು. ಅವುಗಳಿಂದ ಸಿದ್ಧವಾಗುವುದು ಇಷ್ಟು: ಯೆಹೋಯಾಖೀನನು ಬಾಬಿಲೋನಿನಲ್ಲಿದ್ದನು, ಅವನ ರಾಜಬಿರುದನ್ನು ಅರಮನೆಯೇ ಬಳಸುತ್ತಿತ್ತು, ಅವನಿಗೆ ಮಕ್ಕಳಿದ್ದರು, ಪಡಿ ಸಲ್ಲುತ್ತಿತ್ತು. 592ರಲ್ಲಿ ಪಡಿ ಪಡೆಯುತ್ತಿದ್ದವನು 561ರಲ್ಲಿ ಸೆರೆಯ ಉಡುಪಿನಲ್ಲಿ ಏಕಿದ್ದನು? ನಡುವೆ ಯೆರೂಸಲೇಮಿನ ದಂಗೆಯ ಕಾಲದಲ್ಲಿ ಅವನ ಬಂಧನವು ಬಿಗಿಯಾಗಿರಬಹುದೆಂಬುದು ಒಂದು ಊಹೆ. ಫಲಕಗಳು ಬೈಬಲ್ಲಿನ ಕಥೆಯನ್ನು ಪೂರ್ತಿ ಹೇಳುವುದಿಲ್ಲ. ಆ ಕಥೆ ಸಂಭವಿಸಬಹುದಾದ ನೆಲವನ್ನು ತೋರಿಸುತ್ತವೆ. ಸಂಭವವನ್ನು ಸಿದ್ಧಿಯೆಂದು ಭ್ರಮಿಸಬಾರದು.

ಬಂಧನದಲ್ಲಿದ್ದ ರಾಜಪುತ್ರ

ಬಿಡಿಸಿದವನ ಕಥೆಗೂ ಒಂದು ಸೆರೆಮನೆಯಿದೆ. ಯೆಹೂದಿಗಳ 'ಲೇವಿಟಿಕಸ್ ರಬ್ಬಾ' ಎಂಬ ವ್ಯಾಖ್ಯಾನಗ್ರಂಥದ ಕಥೆಯಂತೆ, ತಂದೆಯು ಇಲ್ಲದಿದ್ದ ಕಾಲದಲ್ಲಿ ಎವೀಲ್ಮೆರೋದಕನನ್ನು ಜನರು ಪಟ್ಟಕ್ಕೇರಿಸಿದರು. ಹಿಂದಿರುಗಿದ ನೆಬೂಕದ್ನೆಚ್ಚರನು ಮಗನನ್ನು ಸೆರೆಗೆ ತಳ್ಳಿದನು. ಅವನು ಸತ್ತ ಬಳಿಕವೂ, ತಂದೆ ಮತ್ತೆ ಬಂದರೆ ಗತಿಯೇನೆಂದು ಮಗನು ಪಟ್ಟವನ್ನು ಒಪ್ಪಲಿಲ್ಲ. ಶವವನ್ನು ಹೊರಗೆಳೆದು ತೋರಿಸಿದ ಮೇಲೆಯೇ ಅವನಿಗೆ ಧೈರ್ಯ ಬಂದಿತು. ಆ ಪರಂಪರೆಯ ಮುಂದಿನ ಕಥನಗಳು ಯೆಹೋಯಾಖೀನನೂ ಅದೇ ಸೆರೆಯಲ್ಲಿದ್ದನೆಂದೂ, ಅಲ್ಲಿ ಹುಟ್ಟಿದ ಸ್ನೇಹವೇ ಬಿಡುಗಡೆಗೆ ಕಾರಣವೆಂದೂ ಹೇಳುತ್ತವೆ.

ಇದು ಘಟನೆಗೆ ಶತಮಾನಗಳ ಅನಂತರದ ಕಥೆ. ಕಥೆಯ ಅಲಂಕಾರಗಳೆಲ್ಲವೂ ಇದರಲ್ಲಿವೆ. ಆದರೂ ಇದನ್ನು ಬರಿಯ ಕಥೆಯೆಂದು ಬಿಟ್ಟುಬಿಡುವಂತಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಇನ್ನೊಂದು ಫಲಕದಲ್ಲಿ ನೆಬೂಕದ್ನೆಚ್ಚರನ ಮಗನೊಬ್ಬನು ಸೆರೆಯಲ್ಲಿದ್ದು ಮರ್ದುಕ್ ದೇವನಿಗೆ ಮೊರೆಯಿಡುವ ಪ್ರಾರ್ಥನೆಯಿದೆ. ಚಾಡಿಮಾತಿಗೆ ಬಲಿಯಾಗಿ ಬಂಧನಕ್ಕೆ ಬಿದ್ದೆನೆಂಬುದು ಅವನ ಅಳಲು. ಅಲ್ಲಿ ಅವನ ಹೆಸರು ನಬೂ-ಶುಮ-ಉಕೀನ್. 1999ರಲ್ಲಿ ಈ ಫಲಕವನ್ನು ಪ್ರಕಟಿಸಿದ ಇರ್ವಿಂಗ್ ಫಿಂಕೆಲ್ ಅವರು, ಬಿಡುಗಡೆ ಹೊಂದಿದ ಈ ರಾಜಪುತ್ರನೇ ತನ್ನನ್ನು ಕಾಪಾಡಿದ ದೇವನ ಹೆಸರಿನಿಂದ ಅಮೇಲ್-ಮರ್ದುಕ್ ಎಂಬ ಹೊಸ ನಾಮವನ್ನು ಧರಿಸಿರಬಹುದೆಂದು ಸೂಚಿಸಿದರು. ಇದು ಊಹೆಯೇ ಹೊರತು ನಿರ್ಣಯವಲ್ಲ. ಆದರೆ ತಂದೆಯಿಂದ ಬಂಧಿತನಾದ ಮಗನ ನೆನಪು ಕಥೆಗಾರರ ಕಲ್ಪನೆ ಮಾತ್ರವಲ್ಲದೆ ಇರಬಹುದೆಂಬುದಕ್ಕೆ ಇದರಿಂದ ಅವಕಾಶ ದೊರೆಯುತ್ತದೆ.

ಎವೀಲ್ಮೆರೋದಕನ ಆಳ್ವಿಕೆ ಎರಡು ವರ್ಷವೂ ತುಂಬಲಿಲ್ಲ. ಕ್ರಿ.ಪೂ. 560ರಲ್ಲಿ ಅವನ ಸೋದರಿಯ ಗಂಡನಾದ ನೆರಿಗ್ಲಿಸ್ಸಾರನು ಅವನನ್ನು ಕೊಲ್ಲಿಸಿ ಸಿಂಹಾಸನವನ್ನು ಹಿಡಿದನು. ಬಾಬಿಲೋನಿನ ಪುರೋಹಿತನಾಗಿದ್ದ ಇತಿಹಾಸಕಾರ ಬೆರೋಸನು ಅವನನ್ನು ನಿಯಮಗಳನ್ನು ಮೀರಿದ, ಸಂಯಮವಿಲ್ಲದ ಅರಸನೆಂದು ಹಳಿಯುತ್ತಾನೆ. ಬೈಬಲ್ಲಿಗೆ ಅವನು ದಯಾವಂತ, ತನ್ನ ನಾಡಿನ ಇತಿಹಾಸಕಾರನಿಗೆ ದುಷ್ಟ. ಹೀಬ್ರೂ ಭಾಷೆಯಲ್ಲಿ 'ಎವೀಲ್' ಎಂಬ ಪದಕ್ಕೆ ಮೂರ್ಖನೆಂಬ ಅರ್ಥವಿರುವುದರಿಂದ, ಅವನ ಹೆಸರಿನ ರೂಪದಲ್ಲಿಯೂ ಒಂದು ಕುಹಕ ಸೇರಿಕೊಂಡಿರಬಹುದು. ಒಬ್ಬನೇ ವ್ಯಕ್ತಿ, ಮೂರು ಮುಖ.

ಹಂಗಳಕ್ಕೆ ಮರಳಿ

ಈಗ ವಿಶಾಲಾಕ್ಷ ಪಂಡಿತನ ಕಡೆಗೆ ಬರೋಣ. ಅವನ ವಿಷಯದಲ್ಲಿ ಬಹುಕಾಲ ಪ್ರಚಲಿತವಾದ ಚಿತ್ರವನ್ನು ಕೊಟ್ಟವರು ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಅವರ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟ ಹೊರಬಂದದ್ದು 1810ರಲ್ಲಿ, ಅಂದರೆ ಚಿಕ್ಕದೇವರಾಜರು 1704ರಲ್ಲಿ ತೀರಿಕೊಂಡ ನೂರಕ್ಕೂ ಹೆಚ್ಚು ವರ್ಷಗಳ ಬಳಿಕ. ಹಂಗಳದ ಸೆರೆವಾಸ, ಪಂಡಿತನ ಮಂತ್ರಿತ್ವ, ಕಂದಾಯದ ಹೆಚ್ಚಳ, ರೈತರ ಪ್ರತಿಭಟನೆ, ಜಂಗಮರ ಮೇಲೆ ನಡೆದ ಕ್ರೂರ ಹತ್ಯೆ, ಕೊನೆಗೆ ಪಂಡಿತನ ಕೊಲೆ, ಅವನ ಸ್ಥಾನಕ್ಕೆ ತಿರುಮಲಾರ್ಯನ ಆಗಮನ ಇವೆಲ್ಲವೂ ಅವರ ನಿರೂಪಣೆಯಲ್ಲಿ ಒಂದೇ ಸರಪಳಿಯಾಗಿವೆ.

ಚಾಮರಾಜನಗರದ ಸೀಮೆಯಲ್ಲಿಯೇ ಈ ಕಾಲವನ್ನು ಬರೆದ ಇನ್ನೊಬ್ಬನಿದ್ದಾನೆ. ಅವನು ಕನಕಗಿರಿಯ, ಅಂದರೆ ಮಲೆಯೂರಿನ ದೇವಚಂದ್ರ. 1804ರಲ್ಲಿ ಕರ್ನಲ್ ಮೆಕೆಂಜಿಯನ್ನು ಭೇಟಿಯಾಗಿ ಜೈನ ಪರಂಪರೆಯ ಮಾಹಿತಿ ಒದಗಿಸಿದ ಈ ವಿದ್ವಾಂಸನು ಮುಂದೆ 'ರಾಜಾವಳಿ ಕಥೆ'ಯನ್ನು ರಚಿಸಿ, ಪುರಾಣಕಾಲದಿಂದ ಮೈಸೂರು ಅರಸರವರೆಗಿನ ಕಥನವನ್ನು ಅದರಲ್ಲಿ ಸೇರಿಸಿದನು. ಸರಿಸುಮಾರು ಆ ಕಾಲಮಾನದಲ್ಲಿಯೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಬೈಬಲ್ಲು ಕನ್ನಡಕ್ಕೆ ಬಂದಿತು. ಎವೀಲ್ಮೆರೋದಕನೂ ವಿಶಾಲಾಕ್ಷ ಪಂಡಿತನೂ ಹತ್ತೊಂಬತ್ತನೆಯ ಶತಮಾನದ ಮೊದಲಾರ್ಧದಲ್ಲಿಯೇ ಕನ್ನಡ ಗದ್ಯದೊಳಗೆ ಕಾಲಿಟ್ಟರೆಂಬುದು ಸ್ವಾರಸ್ಯದ ಸಂಗತಿ.

ಈ ಪ್ರಸಂಗವನ್ನು ಓದುವ ಜೈನ ಓದುಗನ ಮುಂದೆ ಎರಡು ಪ್ರಲೋಭನೆಗಳಿವೆ. ಪಂಡಿತನು ನಮ್ಮವನೆಂಬ ಅಭಿಮಾನದಿಂದ ಅವನ ಮೇಲಿನ ಆರೋಪಗಳನ್ನೆಲ್ಲ ಸುಳ್ಳೆಂದು ಸಾರುವುದು ಒಂದು. ಸೆರೆಯ ಸ್ನೇಹದ ಸುಂದರ ಭಾಗವನ್ನು ಇಟ್ಟುಕೊಂಡು, ಜಂಗಮರ ಮೇಲಿನ ಹಿಂಸೆಯ ಭಾಗವನ್ನು ಮೌನದಿಂದ ದಾಟುವುದು ಇನ್ನೊಂದು. ಎರಡೂ ಇತಿಹಾಸಕ್ಕೆ ಸಲ್ಲದು. ಒಂದೇ ಮೂಲದಿಂದ ಬಂದ ಕಥೆಯಲ್ಲಿ ಹಿತವಾದದ್ದನ್ನು ನಂಬಿ ಅಹಿತವಾದದ್ದನ್ನು ಬಿಡುವ ಅಧಿಕಾರ ನಮಗಿಲ್ಲ. ವಿಲ್ಕ್ಸ್ ಅವರನ್ನು ಹತ್ಯೆಯ ವಿಷಯದಲ್ಲಿ ಪ್ರಶ್ನಿಸುವುದಾದರೆ ಹಂಗಳದ ಸ್ನೇಹದ ವಿಷಯದಲ್ಲಿಯೂ ಅಷ್ಟೇ ನಿಷ್ಠುರವಾಗಿ ಪ್ರಶ್ನಿಸಬೇಕು. ಎವೀಲ್ಮೆರೋದಕನ ವಿಷಯದಲ್ಲಿ ಬೆರೋಸನ ನಿಂದೆಯನ್ನೂ ಬೈಬಲ್ಲಿನ ಕೃತಜ್ಞತೆಯನ್ನೂ ಒಟ್ಟಿಗೆ ಎದುರಿಸಬೇಕಾದಂತೆಯೇ ಇದು.

ಇದೇ ಎಚ್ಚರವು ನಮ್ಮ ಇನ್ನೊಂದು ಪ್ರಿಯವಾದ ನಂಬಿಕೆಗೂ ಅನ್ವಯಿಸುತ್ತದೆ. ನೆಬೂಕದ್ನೆಚ್ಚರನೇ ರೈವತಕ ಪರ್ವತದ ನೇಮಿನಾಥನಿಗೆ ಭಕ್ತಿಯಿಂದ ನಡೆದುಕೊಂಡನೆಂಬ ಮಾತು ಅನೇಕ ಜೈನ ಪುಸ್ತಕಗಳಲ್ಲಿದೆ. ಅದಕ್ಕೆ ಆಧಾರ ಪ್ರಭಾಸ ಪಟ್ಟಣದ ತಾಮ್ರಪಟವೊಂದನ್ನು ಕಾಶಿಯ ಪ್ರಾಧ್ಯಾಪಕ ಪ್ರಾಣನಾಥರು 1935ರಲ್ಲಿ ಓದಿದ ಬಗೆ. ಆ ಓದು ವಿದ್ವದ್ವಲಯದಲ್ಲಿ ಮಾನ್ಯವಾಗಿಲ್ಲ. ನೇಮಿನಾಥನ ಮಹಿಮೆಗೆ ಬಾಬಿಲೋನಿನ ಚಕ್ರವರ್ತಿಯ ಪ್ರಮಾಣಪತ್ರದ ಅಗತ್ಯವೂ ಇಲ್ಲ.

ಮಕ್ಕಳು ಕಟ್ಟಿದ ನೆನಪು

ಬಂಧಿತ ಅರಸರ ಕಥೆ ಈ ಸೀಮೆಯಲ್ಲಿ ಹಂಗಳಕ್ಕೆ ಮುಗಿಯುವುದಿಲ್ಲ. ಅರಿಕುಠಾರದಲ್ಲಿ 1774ರಲ್ಲಿ ಜನಿಸಿದ ಖಾಸಾ ಚಾಮರಾಜ ಒಡೆಯರನ್ನು ಹೈದರನು 1776ರಲ್ಲಿ ಮೈಸೂರಿನ ಪಟ್ಟಕ್ಕೆ ಆರಿಸಿದನು. ಕೂಡಿಸಿದ್ದ ಮಕ್ಕಳ ನಡುವೆ ಈ ಶಿಶುವು ಆಟಿಕೆಗಳನ್ನು ಬಿಟ್ಟು ಕಠಾರಿಯನ್ನು ಹಿಡಿದದ್ದೇ ಆಯ್ಕೆಗೆ ಕಾರಣವೆಂಬ ಕಥೆಯನ್ನೂ ವಿಲ್ಕ್ಸ್ ಹೇಳುತ್ತಾರೆ. ಬಿರುದಿಗೆ ಅರಸ, ಬಾಳಿಗೆ ಸೆರೆಯಾಳು. ಹೀಗೆಯೇ ಅವರು 1796ರಲ್ಲಿ ತೀರಿಕೊಂಡರು. ಬಾಬಿಲೋನಿನ ಪಡಿಲೆಕ್ಕದ 'ಯೆಹೂದ ದೇಶದ ರಾಜ'ನಿಗೆ ಇವರಿಗಿಂತ ಸಮೀಪದ ಹೋಲಿಕೆ ನಮ್ಮ ನಾಡಿನಲ್ಲಿ ಸಿಗಲಾರದು. ಅವರ ಮಗನಾದ ಮುಮ್ಮಡಿ ಕೃಷ್ಣರಾಜರಿಗೆ 1799ರ ಜೂನ್ 30ರಂದು ಪಟ್ಟವಾಯಿತು. ಆಗ ಅವರಿಗೆ ಐದು ವರ್ಷವೂ ತುಂಬಿರಲಿಲ್ಲ. ಮುಂದೆ 1818ರಲ್ಲಿ ಅವರು ತಂದೆ ಹುಟ್ಟಿದ ಊರಿಗೆ ಚಾಮರಾಜನಗರವೆಂದು ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅದೇ ರೀತಿ ಚಿಕ್ಕದೇವರಾಜರು ಗುಂಡ್ಲುಪೇಟೆಯಲ್ಲಿ ತಮ್ಮ ತಂದೆಯ ಸ್ಮರಣೆಗಾಗಿ ಪರವಾಸುದೇವ ದೇವಾಲಯವನ್ನು ನಿರ್ಮಿಸಿದ್ದರು.

ಯೆಹೋಯಾಖೀನನಿಗೂ ಅವನ ಸಂತತಿಯೇ ಸ್ಮಾರಕವಾಯಿತು. ಪೂರ್ವಕಾಲ ವೃತ್ತಾಂತದ ವಂಶಾವಳಿಯಂತೆ ಅವನ ಮೊಮ್ಮಗ ಜೆರುಬ್ಬಾಬೆಲ. ಪಾರಸಿಕರು ಬಾಬಿಲೋನನ್ನು ಗೆದ್ದ ಬಳಿಕ ಯೆರೂಸಲೇಮಿಗೆ ಮರಳಿದವರ ನಾಯಕನಾಗಿ ದೇವಾಲಯವನ್ನು ಮತ್ತೆ ಕಟ್ಟಿಸಿದವನು ಇವನೇ. ಹಾಗಾಗಿ ಅರಸುಗಳ ಪುಸ್ತಕದ ಕೊನೆಯ ವಾಕ್ಯಗಳನ್ನು ವಿದ್ವಾಂಸರು ಎರಡು ಬಗೆಯಲ್ಲಿ ಓದಿದ್ದಾರೆ. ಮಾರ್ಟಿನ್ ನೋಟ್ ಅವರಿಗೆ ಅದು ನಡೆದುದನ್ನು ದಾಖಲಿಸುವ ಒಂದು ವರದಿ ಮಾತ್ರ. ಗೆರ್ಹಾರ್ಡ್ ಫಾನ್ ರಾಡ್ ಅವರಿಗೆ ದಾವೀದನ ವಂಶದ ದೀಪ ಇನ್ನೂ ಆರಿಲ್ಲವೆಂಬ ಸೂಚನೆ. ಪಠ್ಯವು ಎರಡಕ್ಕೂ ಎಡೆಗೊಡುತ್ತದೆ.

ಹಂಗಳದ ಸೆರೆವಾಸದ ಕಾಲದ ಪಡಿಲೆಕ್ಕವೊಂದು ನಮ್ಮ ಕೈಯಲ್ಲಿದ್ದಿದ್ದರೆ, ರಾಜಕುಮಾರನಿಗೆ ಇಷ್ಟು ಅಕ್ಕಿ, ಪಂಡಿತನಿಗೆ ಇಷ್ಟು ಎಣ್ಣೆಯೆಂಬ ಎರಡು ಸಾಲುಗಳಷ್ಟೇ ಆಗಿದ್ದರೂ, ವಿಲ್ಕ್ಸ್ ಮತ್ತು ದೇವಚಂದ್ರ ಇಬ್ಬರನ್ನೂ ಒರೆಗೆ ಹಚ್ಚಲು ಅದು ಸಾಕಾಗುತ್ತಿತ್ತು. ಸಾಹಿತ್ಯದ ವಿದ್ಯಾರ್ಥಿಗಳು ಕಾವ್ಯಗಳ ಓಲೆಗರಿಗಳನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಮಠ, ಬಸದಿ, ಮನೆತನಗಳಲ್ಲಿ ಉಳಿದಿರುವ ಲೆಕ್ಕದ ಕಡತಗಳನ್ನೂ ಹುಡುಕಬೇಕು. ಅಂಚಿನಲ್ಲಿ ನಿಂತವರ ನಿಜವು ಅವರನ್ನು ಹೊಗಳಿದ ಗ್ರಂಥಗಳಲ್ಲಿ ದೊರೆಯದಿದ್ದರೆ, ಅವರಿಗೆ ಅಳೆದುಕೊಟ್ಟ ಅಕ್ಕಿ ಎಣ್ಣೆಗಳ ಲೆಕ್ಕದಲ್ಲಿ ದೊರೆಯಬಹುದು.